ಹೃದಯದ ಉಯ್ಯಾಲೆ, ಮನಸ್ಸಿನ ಖಿನ್ನತೆ

ಕಾಪುವಿನ ದೀಪಸ್ತಂಭದ ಮೆಟ್ಟಿಲುಗಳನ್ನು ಏರಿದವರಿಗೆ ತಮ್ಮ ಎದೆಬಡಿತ ತಮಗೇ ಕೇಳಿಸುವುದು. ಕೆಳಗಿಳಿದು ಬಂಡೆಯ ಮೇಲೆ ಹತ್ತು ನಿಮಿಷ ಕುಳಿತರೆ ಅದು ಮೊದಲಿನ ಹದಕ್ಕೆ ಬರುವುದು. ಆಗ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು, ನಿಧಾನವಾಗಿ ಉಸಿರಾಡುತ್ತ ಪರೀಕ್ಷಿಸೋಣ. ಉಸಿರನ್ನು ಒಳಗೆಳೆಯುವಾಗ ಬಡಿತಗಳು ತುಸು ಬೇಗಬೇಗನೆ ಬರುವುವು. ಹೊರಬಿಡುವಾಗ ಅವುಗಳ ನಡುವಣ ಅಂತರವು ಹೆಚ್ಚುವುದು. ಜರ್ಮನಿಯ ಶರೀರವಿಜ್ಞಾನಿ ಕಾರ್ಲ್ ಲುಡ್ವಿಗ್ 1847ರಲ್ಲಿಯೇ ಈ ಏರಿಳಿತವನ್ನು ಪ್ರಾಣಿಗಳಲ್ಲಿ ದಾಖಲಿಸಿದನು.

ಇದು ಹೃದಯದ ದೋಷವೆ? ಅಲ್ಲ. 1432ರಿಂದ ಕಾರ್ಕಳದ ಬೆಟ್ಟದ ಮೇಲೆ ನಿಂತಿರುವ ಗೊಮ್ಮಟನಿಗೆ ನಿಶ್ಚಲತೆಯೇ ಶೋಭೆ. ಜೀವಂತ ಹೃದಯಕ್ಕೆ ಹಾಗಲ್ಲ. ಮಿದುಳಿನಿಂದ ಇಳಿದುಬರುವ ವೇಗಸ್ ನರವು ಲಗಾಮಿನಂತೆ ಬಡಿತವನ್ನು ಹಿಡಿಯುವುದು. ಬೇರೊಂದು ನರಸಮೂಹವು ಅದನ್ನು ಚುರುಕುಗೊಳಿಸುವುದು. ಇವೆರಡರ ಎಳೆದಾಟದಿಂದ ಬಡಿತಗಳ ಅಂತರವು ಸದಾ ಬದಲಾಗುತ್ತಿರುವುದನ್ನು ಹೃದಯಗತಿಯ ವ್ಯತ್ಯಯವೆನ್ನಬಹುದು. ಖಿನ್ನತೆಯಿಂದ ಬಳಲುವವರಲ್ಲಿ ಇದು ಸರಾಸರಿಯಲ್ಲಿ ಕಡಿಮೆಯಾಗಿರುವುದು ಕಂಡುಬಂದಿದೆ. ಈ ವ್ಯತ್ಯಯವನ್ನು ಹೆಚ್ಚಿಸಿದರೆ ಖಿನ್ನತೆ ತಗ್ಗೀತೆ ಎಂಬುದೇ ವಿಜ್ಞಾನಿಗಳ ಮುಂದಿರುವ ಪ್ರಶ್ನೆ.

ಹೆಚ್ಚಿಸುವ ಉಪಾಯವು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಉಯ್ಯಾಲೆಯನ್ನು ಅದರ ಸಹಜ ಕಾಲಕ್ಕೆ ಹೊಂದಿಕೊಂಡು ತಳ್ಳಿದರೆ ಚಿಕ್ಕ ಮಗುವಿನ ಕೈಯಿಂದಲೂ ಅದು ಎತ್ತರಕ್ಕೆ ಜೀಕುವುದು. ಇದೇ ಅನುರಣನೆ. ನಮ್ಮ ದೇಹದಲ್ಲಿಯೂ ಇಂತಹ ಉಯ್ಯಾಲೆಯೊಂದಿದೆ. ಕತ್ತಿನ ಹಾಗೂ ಎದೆಯ ದೊಡ್ಡ ರಕ್ತನಾಳಗಳಲ್ಲಿ ಒತ್ತಡವನ್ನರಿಯುವ ನರತುದಿಗಳಿವೆ. ಒತ್ತಡವೇರಿದೊಡನೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುವುವು, ಹೃದಯವು ನಿಧಾನಿಸುವುದು, ಸುಮಾರು 5 ಸೆಕೆಂಡುಗಳ ತರುವಾಯ ಒತ್ತಡವು ಇಳಿಯುವುದು. ಬಳಿಕ ಇದಕ್ಕೆ ವಿರುದ್ಧವಾದ ಕ್ರಿಯೆ ನಡೆದು, ಅಷ್ಟೇ ಕಾಲದಲ್ಲಿ ಒತ್ತಡವು ಮತ್ತೆ ಏರುವುದು. ಒಂದು ಪೂರ್ಣ ಆಂದೋಲನಕ್ಕೆ ಸುಮಾರು 10 ಸೆಕೆಂಡು. ಆದುದರಿಂದ ನಿಮಿಷಕ್ಕೆ ಸುಮಾರು 6 ಬಾರಿ ಉಸಿರಾಡಿದರೆ ಹೃದಯಗತಿಯ ಏರಿಳಿತವು ಅತ್ಯಂತ ದೊಡ್ಡದಾಗುವುದು. ಉಡುಪಿಯ ರಥಬೀದಿಯಲ್ಲಿ ಜಪ ಮಾಡುವವರನ್ನು ಕಂಡವರು ಈ ಮಾತನ್ನು ಕುತೂಹಲದಿಂದ ಕೇಳಿಯಾರು: ಮಂತ್ರಪಠಣವೂ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯೂ ಉಸಿರನ್ನು ಇದೇ ಗತಿಗೆ ತರುವುವೆಂದು ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದರು.

ಪ್ರತಿಯೊಬ್ಬರ ಉಯ್ಯಾಲೆಯ ಕಾಲ ತುಸು ಬೇರೆ. ಬೆರಳಿಗೋ ಎದೆಗೋ ಸಂವೇದಕವನ್ನು ತೊಡಿಸಿದರೆ ಪರದೆಯ ಮೇಲೆ ಹೃದಯಗತಿಯು ಅಲೆಯಾಗಿ ಮೂಡುವುದು. ಅದನ್ನು ನೋಡುತ್ತ, ಅಲೆಯು ದೊಡ್ಡದಾಗುವಂತೆ ಉಸಿರನ್ನು ತಿದ್ದಿಕೊಳ್ಳುವುದೇ ಬಯೋಫೀಡ್‌ಬ್ಯಾಕ್. ಸಾಮಾನ್ಯವಾಗಿ ದಿನಕ್ಕೆ ಸುಮಾರು 20 ನಿಮಿಷದಂತೆ ಕೆಲವು ವಾರಗಳ ಅಭ್ಯಾಸ ಬೇಕು.

ಫಲವೇನು? 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 14 ಪ್ರಯೋಗಗಳಲ್ಲಿ ಭಾಗವಹಿಸಿದ 794 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿತು. ಖಿನ್ನತೆಯ ಲಕ್ಷಣಗಳು ತಗ್ಗಿದ್ದುವು. ಆದರೆ ಸಾಧಾರಣ ಪ್ರಮಾಣದಲ್ಲಿ. ಉಸಿರಾಟದ ಚಿಕಿತ್ಸೆಯನ್ನು ನಮ್ಮ ನಾಡಿನಲ್ಲಿಯೂ ಪರೀಕ್ಷಿಸಲಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತೀವ್ರ ಖಿನ್ನತೆಯ 45 ರೋಗಿಗಳಲ್ಲಿ ವಿದ್ಯುತ್ ಚಿಕಿತ್ಸೆ, ಔಷಧ ಹಾಗೂ ಸುದರ್ಶನ ಕ್ರಿಯೆಗಳನ್ನು ಹೋಲಿಸಿ 2000ದಲ್ಲಿ ವರದಿ ಮಾಡಿದರು. ಇದು ಪರದೆಯಿಲ್ಲದ, ಬೇರೆ ಬಗೆಯ ಉಸಿರಾಟ. ನಾಲ್ಕು ವಾರಗಳಲ್ಲಿ ಗುಣ ಕಂಡವರು ಕ್ರಮವಾಗಿ ಶೇಕಡಾ 93, 73 ಮತ್ತು 67. ಉಸಿರಿಗೆ ಬಲವುಂಟು, ಆದರೆ ಅದೇ ಸರ್ವಸ್ವವಲ್ಲ ಎಂಬುದೇ ಇದರ ಪಾಠ.

ಖಿನ್ನತೆಯು ಒಂದು ದಿನದ ಬೇಸರವಲ್ಲ. ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿ, ನಿದ್ರೆ ಕೆಟ್ಟು, ಪ್ರಿಯವಾದುದೂ ರುಚಿಸದಿದ್ದರೆ ವೈದ್ಯರನ್ನು ಕಾಣಬೇಕು. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತವನನ್ನು ಅಧ್ಯಾಪಕರಾದ ನಾವು ಸೋಮಾರಿಯೆಂದು ಗದರಿದ್ದುಂಟು. ಅದು ನಮ್ಮ ಅಜ್ಞಾನ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಉಸಿರಿನ ಅಭ್ಯಾಸವನ್ನು ಚಿಕಿತ್ಸೆಯ ಜೊತೆಗೆ ಇಟ್ಟುಕೊಳ್ಳೋಣ. ವೈದ್ಯರು ಕೊಟ್ಟ ಔಷಧವನ್ನು ಅದರ ಭರವಸೆಯಿಂದ ನಿಲ್ಲಿಸುವುದು ಬೇಡ. ಪಕ್ಕದಲ್ಲಿರುವ ಗೆಳೆಯನು ಮಂಕಾಗಿದ್ದರೆ, ಅವನ ಜೊತೆ ಆಸ್ಪತ್ರೆಯವರೆಗೆ ನಡೆಯುವುದೂ ಚಿಕಿತ್ಸೆಯ ಮೊದಲ ಹೆಜ್ಜೆಯೇ.