ಹಾಯಿದೋಣಿಯ ಪಂದ್ಯ ಮತ್ತು ಗಾಯಾಳು ಯೋಧರು

ಕಾಳಗದಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸುವುದು ಕನ್ನಡಿಗರ ಹಳೆಯ ಸಂಪ್ರದಾಯ. ಆದರೆ ಕೈಯನ್ನೋ ಕಾಲನ್ನೋ ಕಳೆದುಕೊಂಡು ಬದುಕಿ ಮರಳಿದವರ ಮುಂದಿನ ಬಾಳೇನು? ವ್ಯಾಯಾಮ ಶಿಕ್ಷಕನಾದ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. ಇದಕ್ಕೆ ದೊರೆತ ಉತ್ತರಗಳಲ್ಲೊಂದನ್ನು, ಕಡಲಿನಿಂದ ದೂರವಿರುವ ನಮ್ಮ ಜತ್ತ ಸೀಮೆಯ ಓದುಗರ ಮುಂದಿಡಬಯಸುತ್ತೇನೆ.

ಕ್ರೀಡೆಯನ್ನು ಚಿಕಿತ್ಸೆಯ ಅಂಗವಾಗಿಸಿದವರಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಅಗ್ರಗಣ್ಯರು. 1939ರಲ್ಲಿ ಜರ್ಮನಿ ತೊರೆದು ಇಂಗ್ಲೆಂಡಿಗೆ ಬಂದ ಈ ನರರೋಗ ತಜ್ಞರು, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ಚಿಕಿತ್ಸಾ ವಿಭಾಗದ ಹೊಣೆ ಹೊತ್ತರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಅಲ್ಲಿ ಬಿಲ್ವಿದ್ಯೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್ ಮೊಳೆತದ್ದು ಈ ಬೀಜದಿಂದ. ಮುಂದೆ 2000ದ ಸಿಡ್ನಿಯಿಂದ 2016ರ ರಿಯೊವರೆಗೆ ಹಾಯಿದೋಣಿ ಸ್ಪರ್ಧೆಗೂ ಅಲ್ಲಿ ಪದಕಗಳಿದ್ದವು.

ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಅನೇಕ ಬ್ರಿಟಿಷ್ ಸೈನಿಕರು ಅಂಗಹೀನರಾದರು. ಅವರ ಪುನಶ್ಚೇತನ ಆಗ ಸರ್ರೆ ಪ್ರಾಂತದ ಹೆಡ್ಲಿ ಕೋರ್ಟ್‌ನಲ್ಲಿ ನಡೆಯುತ್ತಿತ್ತು. ಇಂಥವರನ್ನು ಪಂದ್ಯದ ದೋಣಿಗೆ ಹತ್ತಿಸಲು 2008ರಲ್ಲಿ ಹುಟ್ಟಿದ ಸಂಸ್ಥೆಯೇ ‘ಟೋ ಇನ್ ದ ವಾಟರ್’. ಎಂದರೆ ‘ನೀರಿಗೊಂದು ಕಾಲ್ಬೆರಳು’. ಪ್ರಸಿದ್ಧವಾದ ಕೌಸ್ ಸಪ್ತಾಹದಲ್ಲಿ ಈ ಯೋಧರು ಪೂರ್ಣಾಂಗರ ತಂಡಗಳೊಡನೆ ಸರಿಸಮನಾಗಿ ಸೆಣಸಿದರು.

ಹಾಯಿದೋಣಿಯೇ ಏಕೆ? ಅದು ಗಾಳಿಗೆ ನೇರ ಎದುರಾಗಿ ಸಾಗದು. ಗಾಳಿ ಬೀಸುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಮುನ್ನಡೆಯಬೇಕು. ಹೊರಳುವ ಪ್ರತಿಸಲವೂ ಚುಕ್ಕಾಣಿಗ ಕೂಗಿ ಹೇಳುತ್ತಾನೆ. ಒಬ್ಬ ಹಗ್ಗ ಸಡಿಲಿಸುತ್ತಾನೆ, ಇನ್ನೊಬ್ಬ ಮತ್ತೊಂದು ಬದಿಯ ಹಗ್ಗ ಸೆಳೆಯುತ್ತಾನೆ, ಉಳಿದವರು ಮೇಲೆದ್ದ ಬದಿಗೆ ಸರಿದು ತಮ್ಮ ಭಾರದಿಂದ ದೋಣಿಯನ್ನು ಸಮಗೊಳಿಸುತ್ತಾರೆ. ಒಬ್ಬ ತಡಮಾಡಿದರೆ ಎಲ್ಲರೂ ಹಿಂದೆ ಬೀಳುತ್ತಾರೆ.

ಇದರಿಂದಾಗುವ ಲಾಭ ಮೂರು ಬಗೆಯದು. ಅಲುಗಾಡುವ ದೋಣಿಯಲ್ಲಿ ಕೃತಕ ಕಾಲಿನವನ ಮೈ ಸಮತೋಲ ಕಲಿಯುತ್ತದೆ. ತೋಳು, ನಡು ಬಲಗೊಳ್ಳುತ್ತವೆ. ಗಾಳಿಯ ಮೇಲೆಯೇ ಕಣ್ಣಿಡಬೇಕಾದುದರಿಂದ ಕಹಿ ನೆನಪುಗಳಿಂದ ಮನಸ್ಸಿಗೆ ಬಿಡುವು ದೊರೆಯುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಸೈನ್ಯದಲ್ಲಿದ್ದಂತೆ ಇಲ್ಲಿಯೂ ಆತನಿಗೊಂದು ನಿಶ್ಚಿತ ಕೆಲಸವಿದೆ. ವಿಹಾರಕ್ಕೆ ಕರೆದೊಯ್ದರೆ ಗಾಯಾಳು ಅತಿಥಿ. ಪಂದ್ಯಕ್ಕೆ ಕರೆದೊಯ್ದರೆ ಆತನೇ ಆಳು.

2018ರಲ್ಲಿ ಸಿಡ್ನಿಯಲ್ಲಿ ನಡೆದ, ಗಾಯಾಳು ಸೈನಿಕರ ಇನ್ವಿಕ್ಟಸ್ ಕ್ರೀಡಾಕೂಟದಲ್ಲಿ ಹಾಯಿದೋಣಿ ಸ್ಪರ್ಧೆ ಮೊದಲ ಬಾರಿಗೆ ಸೇರಿತು. ಅಲ್ಲಿ ಬಳಸಿದ ‘ಹಾನ್ಸಾ 303’ ದೋಣಿಯಲ್ಲಿ ತಗ್ಗಾದ ಆಸನದಲ್ಲಿ ಕುಳಿತು, ಮುಂದಿರುವ ಕೋಲಿನಿಂದಲೇ ಚುಕ್ಕಾಣಿ ತಿರುಗಿಸಬಹುದು. ಅಡಿಯಲ್ಲಿ ಭಾರವಿರುವುದರಿಂದ ಅದು ಸುಲಭವಾಗಿ ಮಗುಚದು.

ಇದು ಶಸ್ತ್ರಚಿಕಿತ್ಸೆಗಾಗಲಿ ಔಷಧಕ್ಕಾಗಲಿ ಬದಲಿಯಲ್ಲ. ಅವುಗಳ ಕೆಲಸವನ್ನು ಮುಂದುವರಿಸುವ ಸಾಧನ. ಇದಕ್ಕೆ ಕಡಲೇ ಬೇಕೆಂದೂ ಇಲ್ಲ. ನಮ್ಮ ಸಾಂಗಲಿ ಜಿಲ್ಲೆಯವರೇ ಆದ ಮುರಳಿಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರು. ಚೇತರಿಕೆಗಾಗಿ ಈಜಿಗಿಳಿದ ಅವರು 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನಲ್ಲಿ ದೊರೆತ ಮೊದಲ ಚಿನ್ನವದು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮಲ್ಲಿಯೂ ಇವೆ. ಗಾಯಗೊಂಡು ಮರಳಿದವರನ್ನು ಕಟ್ಟೆಯ ಮೇಲೆ ಕೂರಿಸಿ ಕನಿಕರ ತೋರುವುದು ಸುಲಭ. ಹಾರ ಹಾಕುವುದಕ್ಕಷ್ಟೇ ಅವರನ್ನು ಕರೆಯದೆ, ಶಾಲೆಯ ಕ್ರೀಡಾಕೂಟದಲ್ಲಿ ಸೀಟಿಯನ್ನು ಅವರ ಕೈಗಿತ್ತು ಪಂದ್ಯದ ಹೊಣೆ ಒಪ್ಪಿಸೋಣ. ಸುವರ್ಣ ಮಹೋತ್ಸವದ ಈ ವರ್ಷವೇ ಅದು ಆರಂಭವಾಗಲೆಂದು ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನ ವಿನಂತಿ.