ವಿವಾಹಪ್ರಯೋಗ ಮತ್ತು ಪುರೋಹಿತರ ಪುನರಧ್ಯಯನ

ಪಾಠಶಾಲೆಯಿಂದ ಹೊರಬಂದ ದಿನವೇ ಪುರೋಹಿತನ ಅಧ್ಯಯನವು ಮುಗಿಯಿತೆಂಬ ಭಾವನೆ ನಮ್ಮ ಸಮಾಜದಲ್ಲಿ ಬೇರೂರಿದೆ. ನಾವೂ ಹಾಗೆಯೇ ಭಾವಿಸಿದ್ದೆವು. ಪ್ರಯೋಗಭಾಗವನ್ನು ಕಂಠಸ್ಥ ಮಾಡಿಕೊಂಡು, ಅನಂತರ ಬಿ.ಎ. ಪದವಿಯನ್ನೂ ಪಡೆದು, ತೀರ್ಥರೂಪರೊಡನೆ ಮದುವೆ ಮುಂಜಿಗಳಿಗೆ ಹೋಗತೊಡಗಿದ ಮೇಲೆ ಇನ್ನು ಕಲಿಯಬೇಕಾದುದೇನು ಎಂಬ ಧೈರ್ಯವಿತ್ತು. ಆ ಧೈರ್ಯವು ಒಂದು ವಿವಾಹಮಂಟಪದಲ್ಲಿಯೇ ಇಳಿದುಹೋಯಿತು.

ಅಂದು ತೀರ್ಥರೂಪರಿಗೆ ಜ್ವರವಿದ್ದುದರಿಂದ ನಾವೊಬ್ಬರೇ ಹೋಗಬೇಕಾಯಿತು. ಕನ್ಯೆಯ ಮನೆಯವರು ಋಗ್ವೇದಿಗಳು, ಆಶ್ವಲಾಯನ ಸೂತ್ರದವರು. ನಮಗೆ ಬಹುಕಾಲದ ಯಜಮಾನರು. ವರನ ಮನೆಯವರು ಯಜುಶ್ಶಾಖೆಯ ಆಪಸ್ತಂಬ ಸೂತ್ರದವರು. ಕನ್ಯಾದಾನ, ಮಾಂಗಲ್ಯಧಾರಣೆಗಳು ಸಾಂಗವಾಗಿ ನೆರವೇರಿದವು. ಅಗ್ನಿಪ್ರತಿಷ್ಠೆಯಾಗಿ ಪಾಣಿಗ್ರಹಣವೂ ಮುಗಿದಾಗ, ನಾವು ನಮ್ಮ ರೂಢಿಯಂತೆ ಅಶ್ಮಾರೋಹಣಕ್ಕೆ ಕಲ್ಲನ್ನೂ ಹೋಮಕ್ಕೆ ಅರಳನ್ನೂ ಮುಂದಿರಿಸಿದೆವು. ಆಗ ವರನ ಅಜ್ಜನವರು ಹತ್ತಿರ ಬಂದು, "ಆಚಾರ್ಯರೆ, ನಮ್ಮದು ಆಪಸ್ತಂಬ. ಸಪ್ತಪದಿ ಮೊದಲಲ್ಲವೆ?" ಎಂದು ಮೆಲ್ಲಗೆ ಕೇಳಿದರು.

ಅವರ ಮಾತು ಸರಿಯಾಗಿತ್ತು. ವಿವಾಹಹೋಮಕ್ಕೆ ವರನೇ ಕರ್ತೃವಾದುದರಿಂದ ಅವನ ಗೃಹ್ಯಸೂತ್ರವೇ ಅಲ್ಲಿ ಪ್ರಮಾಣ. ಆಶ್ವಲಾಯನರ ಕ್ರಮದಲ್ಲಿ ಲಾಜಾಹೋಮವು ಮುಗಿದ ಮೇಲೆ ಸಪ್ತಪದಿ. ಆಪಸ್ತಂಬರಲ್ಲಿ ಪಾಣಿಗ್ರಹಣದ ಬಳಿಕವೇ ಸಪ್ತಪದಿಯಾಗಿ, ಪ್ರಧಾನಹೋಮ, ಅಶ್ಮಾರೋಹಣ, ಲಾಜಾಹೋಮಗಳು ತರುವಾಯ ಬರುತ್ತವೆ. ಅನ್ನ, ಬಲ, ಸಂಪತ್ತು ಮುಂತಾದುವನ್ನು ಕೋರುತ್ತ ಏಳನೆಯ ಹೆಜ್ಜೆಯಲ್ಲಿ ಸಖ್ಯಕ್ಕೆ ಬರುವ ಆಶಯವು ಸಮಾನವಾದರೂ ಮಂತ್ರಪಾಠವು ಬೇರೆ. ಭೇದವುಂಟೆಂಬುದು ನಮಗೆ ತಿಳಿದಿತ್ತು. ಆ ಪಾಠವು ಬಾಯಿಗೆ ಬರುತ್ತಿರಲಿಲ್ಲ. ಆ ವೃದ್ಧರೇ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರು, ನಾವು ಅವರ ಹಿಂದೆ ಹೇಳಿದೆವು. ದಕ್ಷಿಣೆಗೆ ಕೈಯೊಡ್ಡಲು ನಾಚಿಕೆಯಾಯಿತು. ಮನೆಗೆ ಬಂದು ಒಪ್ಪಿಕೊಂಡಾಗ ತೀರ್ಥರೂಪರು ಗದರಲಿಲ್ಲ. ಪೆಟ್ಟಿಗೆಯಿಂದ ಹಳೆಯ ಪ್ರಯೋಗದ ಪುಸ್ತಕವೊಂದನ್ನು ತೆಗೆದುಕೊಟ್ಟು, "ನಾನೂ ಇದನ್ನು ನಲವತ್ತಾದ ಮೇಲೆಯೇ ಕಲಿತದ್ದು" ಎಂದರು.

ಸಪ್ತಪದಿಯ ವಿಷಯದಲ್ಲಿ ಅನಾದರವು ಶಾಸ್ತ್ರಕ್ಕೆ ಮಾತ್ರವಲ್ಲ, ದಂಪತಿಗಳಿಗೂ ಬಾಧಕ. 1955ರ ಹಿಂದೂ ವಿವಾಹ ಅಧಿನಿಯಮದ 7ನೆಯ ಪ್ರಕರಣದಂತೆ, ಸಪ್ತಪದಿಯಿರುವ ಸಂಪ್ರದಾಯಗಳಲ್ಲಿ ಏಳನೆಯ ಹೆಜ್ಜೆಯಿಟ್ಟಾಗಲೇ ವಿವಾಹವು ಪೂರ್ಣವಾಗಿ ಬಂಧಕವಾಗುವುದು. ವಿಧಿಗಳು ನಡೆಯದೆ ಕೇವಲ ಪ್ರಮಾಣಪತ್ರ, ನೋಂದಣಿಗಳಿಂದ ವಿವಾಹವು ಸಿದ್ಧಿಸದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಸ್ಪಷ್ಟಪಡಿಸಿದೆ. ಹೀಗಿರಲು, ಛಾಯಾಗ್ರಾಹಕನು ನಾಲ್ಕನೆಯ ಹೆಜ್ಜೆಯಲ್ಲಿ ವಧೂವರರನ್ನು ತಡೆದು ಹಿಂದಿನಿಂದ ನಡೆಸುವುದನ್ನು ಪುರೋಹಿತರು ನೋಡುತ್ತ ಕೂಡಬಹುದೆ? ನಡೆಯದ ಮದುವೆಗೆ, ಆತುರವೆಂಬ ಕಾರಣದಿಂದ, ನಡೆಯಿತೆಂದು ರುಜು ಹಾಕುವ ಮಾತಂತೂ ದೂರವೇ ಉಳಿಯಲಿ.

ವಯಸ್ಸಿನ ವಿಚಾರವು ಇನ್ನೂ ಗುರುತರವಾದುದು. 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮದಂತೆ ಕನ್ಯೆಗೆ 18, ವರನಿಗೆ 21 ತುಂಬಿರಬೇಕು. ತಪ್ಪಿದಲ್ಲಿ ವಿವಾಹವನ್ನು ನೆರವೇರಿಸಿದವನಿಗೂ ಎರಡು ವರ್ಷಗಳವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಹಿಂದೊಮ್ಮೆ ಹುಡುಗಿಯ ಶಾಲಾಪತ್ರವನ್ನು ಕೇಳಿದ್ದಕ್ಕೆ ಒಂದು ಮನೆಯವರು ತೀರ್ಥರೂಪರ ಮೇಲೆ ಮುನಿಸಿಕೊಂಡರು. ಹದಿನೇಳೂ ಪೂರ್ತಿಯಾಗಿರಲಿಲ್ಲ. ತೀರ್ಥರೂಪರು ಮುಹೂರ್ತವನ್ನು ಇಟ್ಟುಕೊಡಲಿಲ್ಲ. ಆ ಮನೆಯ ಪೌರೋಹಿತ್ಯವು ಅಂದಿಗೇ ತಪ್ಪಿತು. ಜಾತಕವನ್ನು ನೋಡುವಾಗಲೇ ಜನ್ಮಪತ್ರವನ್ನೂ ನೋಡುವ ಪದ್ಧತಿಯನ್ನು ನಾವು ಅವರಿಂದ ಕಲಿತೆವು.

ದೇಶಾಂತರದ ಮದುವೆಗಳ ತೊಡಕು ಬೇರೆ. ಇಲ್ಲಿ ಹೇಳುವ ಗೋದಾವರಿಯ ದಕ್ಷಿಣತೀರದ ಸಂಕಲ್ಪವನ್ನು ಅಮೆರಿಕೆಯಲ್ಲಿ ಹೇಳಲಾಗದು. ಸೂರ್ಯೋದಯವು ಆಯಾ ಸ್ಥಳದ್ದಾದುದರಿಂದ ಇಲ್ಲಿಗೆ ಗಣಿಸಿದ ಪಂಚಾಂಗದ ತಿಥಿಯು ಅಲ್ಲಿ ಹಿಂದುಮುಂದಾಗಬಹುದು.

ಇಷ್ಟನ್ನೆಲ್ಲ ಒಬ್ಬನೇ ಪುಸ್ತಕ ಹಿಡಿದು ಕಲಿಯುವುದು ಕಷ್ಟ. ಏಕಾದಶಿಯಂದು ನಮ್ಮ ಮನೆಗಳಲ್ಲಿ ಮದುವೆಯಿಲ್ಲ, ಊಟವೂ ಇಲ್ಲ. ಪುರೋಹಿತರಿಗೆ ಬಿಡುವಿರುವ ದಿನವೆಂದರೆ ಅದೊಂದೇ. ಅಂದು ಅಪರಾಹ್ಣ ದೇವಸ್ಥಾನದ ಜಗಲಿಯಲ್ಲಿ ಐದಾರು ಮಂದಿ ಸೇರಿ, ಒಬ್ಬರು ಆಶ್ವಲಾಯನವನ್ನು, ಇನ್ನೊಬ್ಬರು ಆಪಸ್ತಂಬವನ್ನು ಹೇಳಿ ಪರಸ್ಪರ ತಿದ್ದಿಕೊಂಡರೆ ಒಂದು ವರ್ಷದಲ್ಲಿ ವಿವಾಹಭಾಗವು ಪೂರ್ತಿಯಾದೀತು. ಕಿರಿಯರ ಮುಂದೆ ತಪ್ಪೊಪ್ಪಿಕೊಳ್ಳಲು ಹಿರಿಯರು ಸಂಕೋಚಪಡದಿದ್ದರೆ ಇನ್ನೂ ಬೇಗ.

ಗೃಹಸ್ಥರಲ್ಲಿಯೂ ಒಂದು ವಿಜ್ಞಾಪನೆ. ಭೋಜನದ ಪಟ್ಟಿಯನ್ನು ಮೂರು ತಿಂಗಳ ಮೊದಲೇ ನಿಶ್ಚಯಿಸುವ ನಾವು, ವರನ ಸೂತ್ರವನ್ನು ಪುರೋಹಿತರಿಗೆ ತಿಳಿಸುವುದು ಮಂಟಪದಲ್ಲಿ. ನಿಶ್ಚಿತಾರ್ಥದ ದಿನವೇ ತಿಳಿಸಿದರೆ ಅವರಿಗೆ ಪಾಠವನ್ನು ನೋಡಿಕೊಳ್ಳಲು ಅವಕಾಶವಾಗುತ್ತದೆ. ಸೂತ್ರ ಯಾವುದೆಂದು ಅರಿಯದವರು ಸಂಧ್ಯಾವಂದನೆಯ ಅಭಿವಾದನವನ್ನು ವರನಿಂದ ಒಮ್ಮೆ ಹೇಳಿಸಿ ಕೇಳಬಹುದು. ಪ್ರವರ, ಗೋತ್ರ, ಸೂತ್ರ, ಶಾಖೆ ನಾಲ್ಕೂ ಅದರಲ್ಲಿಯೇ ಇವೆ.