ದಿನದ ದರ, ಮೂರು ವಾರದ ಲೆಕ್ಕ

ಪ್ರವಾಸ ಹೊರಟವರು ನಾಯಿ ಬಿಟ್ಟು ಹೋಗುವ ಬೋರ್ಡಿಂಗ್‌ಗಳು ನಗರದ ಅಂಚಿನ ಹಳ್ಳಿಗಳಲ್ಲೂ ಸಿಗುತ್ತವೆ. ತೆಂಗಿನ ತೋಟದ ಮೂಲೆಯಲ್ಲಿ ಶೀಟು ಹೊದಿಸಿದ ನಾಲ್ಕು ಗೂಡು, ಸುತ್ತ ತಂತಿ ಬೇಲಿ, ಓಡಾಡಲು ಅರ್ಧ ಎಕರೆ. ಜಾಗದ ಬಾಡಿಗೆ ಕಡಿಮೆ, ಆದ್ದರಿಂದ ದಿನದ ದರವೂ ಕಡಿಮೆ. ಆದರೆ ದರವನ್ನು ದಿನಗಳಿಂದ ಗುಣಿಸಿದರೆ ಸಿಗುವುದು ಬಿಲ್ಲು, ಖರ್ಚಲ್ಲ.

ಈ ಅಂಕಣಕಾರನ ಮನೆಯ ಲೆಕ್ಕವೇ ಇದಕ್ಕೆ ಉದಾಹರಣೆ. 12 ದಿನಗಳ ಕಾಶಿಯಾತ್ರೆಗೆ ಮುನ್ನ ಎರಡು ಜಾಗ ನೋಡಿದ್ದಾಗಿತ್ತು. ಬೆಂಗಳೂರಿನ ಮನೆಯಿಂದ 8 ಕಿ.ಮೀ. ದೂರದ ಕೆನೆಲ್‌ನಲ್ಲಿ ಊಟ ಸೇರಿ ದಿನಕ್ಕೆ ₹800. ಕನಕಪುರದ ಕಡೆ 60 ಕಿ.ಮೀ. ದೂರದ ತೋಟದಲ್ಲಿ ₹450. ಮೊದಲನೆಯದಕ್ಕೆ ₹9,600, ಎರಡನೆಯದಕ್ಕೆ ₹5,400. ₹4,200 ಉಳಿಯಿತೆಂದು ತೋಟವೇ ನಿಶ್ಚಯವಾಯಿತು.

ಉಳಿತಾಯ ಕರಗಿದ್ದು ಹೀಗೆ. ತೋಟದಲ್ಲಿ ಊಟದ ದುಡ್ಡು ಬೇರೆ, ದಿನಕ್ಕೆ ₹100ರಂತೆ ₹1,200. ಬಿಟ್ಟು ಬರಲು ಒಮ್ಮೆ, ಕರೆತರಲು ಒಮ್ಮೆ, ಒಟ್ಟು 240 ಕಿ.ಮೀ.; ಕಿಲೋಮೀಟರಿಗೆ ₹9ರಂತೆ ₹2,160. ಅಲ್ಲಿಗೆ ತೋಟದ ಮೊತ್ತ ₹8,760. ನಗರದ ಕೆನೆಲ್‌ಗೆ 32 ಕಿ.ಮೀ.ಗೆ ₹288 ಸೇರಿಸಿದರೆ ₹9,888. ವ್ಯತ್ಯಾಸ ₹1,128ಕ್ಕೆ ಇಳಿಯಿತು. ಮರಳಿದ ಎರಡನೆಯ ವಾರ ನಾಯಿ ಊಟ ಬಿಟ್ಟಿತು, ಜ್ವರ ಏರಿತು, ಒಸಡು ಬಿಳಿಚಿತು. ಸಿಬಿಸಿ ಮತ್ತು ಸ್ಲೈಡ್ ರಕ್ತಪರೀಕ್ಷೆಗೆ ₹1,400, ಮೂರು ದಿನದ ಡ್ರಿಪ್‌ಗೆ ₹3,600, 28 ದಿನಗಳ ಡಾಕ್ಸಿಸೈಕ್ಲಿನ್ ಮತ್ತು ಟಾನಿಕ್‌ಗೆ ₹900, ಮರುಭೇಟಿಗಳಿಗೆ ₹1,000, ಒಟ್ಟು ₹6,900. ತೋಟದ ಕೊನೆಯ ಮೊತ್ತ ₹15,660. ₹4,200 ಉಳಿಸಲು ಹೋಗಿ ₹5,772 ಹೆಚ್ಚು ತೆತ್ತಂತಾಯಿತು.

ನಾಯಿಗೆ ಬಂದದ್ದು ಉಣ್ಣೆಯಿಂದ ಹರಡುವ ಎರ್ಲಿಕಿಯಾ ಸೋಂಕು. ಅದು ತಲೆ ಎತ್ತಲು ಉಣ್ಣೆ ಕಚ್ಚಿದ ಮೇಲೆ ಒಂದರಿಂದ ಮೂರು ವಾರ ಹಿಡಿಯುತ್ತದೆ. ಹಾಗಾಗಿ 'ಇಲ್ಲಿಂದ ಹೋಗುವಾಗ ಚೆನ್ನಾಗಿತ್ತು' ಎಂಬ ತೋಟದವರ ಮಾತು ಸುಳ್ಳಲ್ಲ. ಅದರಿಂದ ಏನೂ ಸಾಬೀತಾಗುವುದೂ ಇಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಉಣ್ಣೆ ಮಾತ್ರೆಯ ಅವಧಿ ಹೊರಡುವ ಮೊದಲೇ ಮುಗಿದಿತ್ತೆಂಬುದು ಮಾತ್ರ ಅಂಕಣಕಾರನದೇ ತಪ್ಪು.

ಜಾಗ ನೋಡುವಾಗ ಹಸಿರು ಹುಲ್ಲಿಗಿಂತ ಗೋಡೆಯ ಬುಡ ಮುಖ್ಯ. ನಾಯಿಯ ಉಣ್ಣೆ ಮೊಟ್ಟೆಯಿಡುವುದು ಬಿರುಕು, ಸಂದುಗಳಲ್ಲಿ. ಗಾರೆ ಮಾಡದ ಗೋಡೆಯಿದ್ದಲ್ಲಿ ನೆಲಕ್ಕೆ ಎಷ್ಟು ಫಿನಾಯಿಲ್ ಸುರಿದರೂ ಉಪಯೋಗವಿಲ್ಲ. ಕನಕಪುರ, ರಾಮನಗರದ ಗುಡ್ಡಗಳ ಸುತ್ತ ಚಿರತೆಗಳಿವೆ, ನಾಯಿ ಅವುಗಳಿಗೆ ಸುಲಭದ ಬೇಟೆ. ಸಂಜೆಯ ನಂತರ ಗೂಡಿಗೆ ಮೇಲಿನಿಂದಲೂ ಜಾಲರಿ ಬೇಕು, ರಾತ್ರಿ ಅಲ್ಲೇ ಮಲಗುವ ಆಳು ಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಹೆಚ್ಚಿನ ಕೆಲಸ ದನಕರುಗಳದ್ದು. ರಕ್ತಪರೀಕ್ಷೆ, ಎಕ್ಸ್‌ರೇಗೆ ಎಷ್ಟು ದೂರ ಹೋಗಬೇಕೆಂದು ಮೊದಲೇ ಕೇಳಬೇಕು. ಲಸಿಕೆ ಕಾರ್ಡು ಕೇಳದ ಜಾಗ ಪಕ್ಕದ ಗೂಡಿನ ನಾಯಿಯದನ್ನೂ ಕೇಳಿರುವುದಿಲ್ಲ. ರೇಬೀಸ್, ಡಿಎಚ್‌ಪಿಪಿ, ಕೆನೆಲ್ ಕಾಫ್ ಲಸಿಕೆಗಳು ಹೊರಡುವ ಎರಡು ವಾರ ಮೊದಲೇ ಆಗಿರಬೇಕು.

ಇನ್ನು ವಾರ್ಷಿಕ ಪ್ಯಾಕೇಜು. ಮುಂಗಡ ₹12,000 ಕೊಟ್ಟರೆ ವರ್ಷದಲ್ಲಿ 30 ದಿನ, ಅಂದರೆ ದಿನಕ್ಕೆ ₹400 ಎಂದು ಹೇಳುತ್ತಾರೆ. ಬಳಸಿದ್ದು 12 ದಿನವಾದರೆ ಅದೇ ದಿನಕ್ಕೆ ₹1,000. ಉಳಿದ ದಿನ ಮುಂದಿನ ವರ್ಷಕ್ಕಿಲ್ಲ, ಹಣ ವಾಪಸಿಲ್ಲ, ದೀಪಾವಳಿಗೆ ಜಾಗವೂ ಇಲ್ಲ. ವರ್ಷಕ್ಕೆ ತಿಂಗಳಿಡೀ ನಾಯಿಯನ್ನು ಬಿಟ್ಟಿರುವವರಿಗೆ ಬೇಕಿರುವುದು ಪ್ಯಾಕೇಜಲ್ಲ, ನಾಯಿ ಸಾಕಬೇಕೇ ಎಂಬ ಯೋಚನೆ.

ಪರಿಚಿತರೊಬ್ಬರು ದಿನಕ್ಕೆ ₹500ಕ್ಕೆ ಮನೆಗೇ ಬಂದು ನೋಡಿಕೊಂಡರೆ 12 ದಿನಕ್ಕೆ ₹6,000. ವಯಸ್ಸಾದ ನಾಯಿಗೆ ಇದೇ ಮೇಲು.

ಟಿಕೆಟ್ ತಿಂಗಳುಗಳ ಮೊದಲೇ ಕಾಯ್ದಿರಿಸುವ ಮನೆಯಲ್ಲೂ ನಾಯಿಯ ನೆನಪಾಗುವುದು ಸೂಟ್‌ಕೇಸ್ ಇಳಿಸುವಾಗ. ಹೇಳದೆ ಹೋಗಿ ಜಾಗ ನೋಡಿ ಬರುವುದು, ಒಂದು ರಾತ್ರಿ ಬಿಟ್ಟು ಪರೀಕ್ಷಿಸುವುದು, ಕಾಯಿಲೆಯಾದರೆ ಖರ್ಚು ಯಾರದೆಂದು ಬರೆಸಿಕೊಳ್ಳುವುದು, ಇವೆಲ್ಲ ಬಿಡುವಿದ್ದಾಗ ಆಗುವ ಕೆಲಸ. ನಾಯಿ ಮರಳಿದ ಮೇಲೂ ಮೂರು ವಾರ ಅದರ ಊಟ, ಒಸಡು ಗಮನಿಸಿ, ಆಮೇಲೆ ಲೆಕ್ಕ ಮುಚ್ಚಬೇಕು.